ಯೆನ್ಸ್ ಫೋಯ್ಟ್: ಜರ್ಮನ್ನರ ಬೈಗುಳದಿಂದ ಜಗತ್ತಿನ ಜೈಕಾರಕ್ಕೆ

2004ರ ಜುಲೈ 21. ಟೂರ್ ಡಿ ಫ್ರಾನ್ಸ್‌ನ ಸೈಕಲ್ ಸವಾರರು ಆಲ್ಪ್ ದ್ಯುಯೆಜ್ ಬೆಟ್ಟವನ್ನು ಒಬ್ಬೊಬ್ಬರಾಗಿ, ಗಡಿಯಾರದ ಎದುರು ಹತ್ತುತ್ತಿದ್ದರು. ಯೆನ್ಸ್ ಫೋಯ್ಟ್ ಬಂದಾಗ ರಸ್ತೆಬದಿಯ ಜರ್ಮನ್ ಅಭಿಮಾನಿಗಳು ‘ಜೂದಾಸ್’ (ದ್ರೋಹಿ) ಎಂದು ಕೂಗಿದರು. ಫೋಯ್ಟ್ ಕೂಡ ಜರ್ಮನ್ನರೇ. ಹಿಂದಿನ ದಿನ ಅವರು ಮುಂಚೂಣಿ ಗುಂಪನ್ನು ಬಿಟ್ಟು ಹಿಂದೆ ಸರಿದು, ತಮ್ಮ ತಂಡದ ನಾಯಕ, ಇಟಲಿಯ ಇವಾನ್ ಬಾಸ್ಸೊಗಾಗಿ ಯಾನ್ ಉಲ್ರಿಷ್‌ರನ್ನು ಬೆನ್ನಟ್ಟಲು ನೆರವಾಗಿದ್ದರು. ಟೂರ್ ಗೆದ್ದ ಏಕೈಕ ಜರ್ಮನ್ ಉಲ್ರಿಷ್. ಅವರ ದಾರಿಗೆ ಅಡ್ಡಬಂದದ್ದು ದೇಶದ್ರೋಹವೆಂದೇ ಕಂಡಿತು. ಮುಂದೆ ಫೋಯ್ಟ್ ಅವರಿಗೆ ಅಪಾರ ಜನಪ್ರೀತಿ ತಂದುಕೊಟ್ಟದ್ದೂ ತಂಡಕ್ಕಾಗಿ ದುಡಿಯುವ ಇದೇ ಗುಣ.

1971ರಲ್ಲಿ ಪೂರ್ವ ಜರ್ಮನಿಯ ಗ್ರೇವೆಸ್‌ಮ್ಯೂಲೆನ್‌ನಲ್ಲಿ ಹುಟ್ಟಿದ ಅವರು ಪಳಗಿದ್ದು ಬರ್ಲಿನ್‌ನ ಸರ್ಕಾರಿ ಕ್ರೀಡಾಶಾಲೆಯಲ್ಲಿ. ಪೂರ್ವ ಯುರೋಪಿನ ಪ್ರತಿಷ್ಠೆಯ ‘ಶಾಂತಿ ಓಟ’ವನ್ನು 1994ರಲ್ಲಿ ಗೆದ್ದರೂ ವೃತ್ತಿಪರರಾದದ್ದು 1997ರಲ್ಲಿ.

ದಾಖಲೆ ಪುಸ್ತಕ ತೆರೆದರೆ ಫಲ ಸಾಧಾರಣವೆನಿಸುತ್ತದೆ. 17 ಟೂರ್‌ಗಳಲ್ಲಿ ಗೆದ್ದ ಹಂತಗಳು ಎರಡೇ. ಒಟ್ಟಾರೆ ಮುನ್ನಡೆಯಲ್ಲಿರುವ ಸವಾರ ತೊಡುವ ಹಳದಿ ಜೆರ್ಸಿ ಸಿಕ್ಕಿದ್ದು 2001 ಮತ್ತು 2005ರಲ್ಲಿ, ಒಂದೊಂದು ದಿನದ ಮಟ್ಟಿಗೆ. 2005ರಲ್ಲಂತೂ ಜೆರ್ಸಿ ಗೆದ್ದ ಮೂರನೆಯ ದಿನವೇ ಕಾಲಮಿತಿ ಮೀರಿ ಸ್ಪರ್ಧೆಯಿಂದ ಹೊರಬಿದ್ದರು! ಐದು ಕ್ರಿಟೀರಿಯಂ ಇಂಟರ್‌ನ್ಯಾಷನಲ್, ಎರಡು ಡಾಯ್ಚ್‌ಲಾಂಡ್ ಟೂರ್ ಪ್ರಶಸ್ತಿಗಳಿವೆ, ನಿಜ. ಜನ ನೆನೆಯುವುದು ಮಾತ್ರ ಬೇರೆಯದನ್ನೇ.

2006ರ ಜಿರೊ ದಿ ಇಟಾಲಿಯಾ ಸ್ಪರ್ಧೆಯ 19ನೇ ಹಂತವನ್ನೇ ನೋಡಬಹುದು. ಮುಂದೆ ಉಳಿದವರು ಫೋಯ್ಟ್ ಮತ್ತು ಸ್ಪೇನ್‌ನ ಹುವಾನ್ ಮನುಯೆಲ್ ಗಾರಾಟೆ. ಹಿಂದಿದ್ದ ಬಾಸ್ಸೊ ಸಲುವಾಗಿ ಫೋಯ್ಟ್ ದಾರಿಯುದ್ದಕ್ಕೂ ಗಾಳಿಗೆ ಎದೆಯೊಡ್ಡದೆ ಇನ್ನೊಬ್ಬರ ಮರೆಯಲ್ಲೇ ಬಂದಿದ್ದರು. ದುಡಿಯದವನಿಗೆ ಗೆಲುವು ಸಲ್ಲದೆಂದು ಕೊನೆಯಲ್ಲಿ ಪೈಪೋಟಿಗಿಳಿಯದೆ ಗಾರಾಟೆಗೆ ಹಂತವನ್ನು ಬಿಟ್ಟುಕೊಟ್ಟರು. ಅದೇ ವರ್ಷದ ಜುಲೈನಲ್ಲಿ, ಟೂರ್‌ನಲ್ಲಿ, ಬೆಜಿಯೆಯಿಂದ ಮಾಂತೆಲಿಮಾರ್‌ಗೆ 230 ಕಿ.ಮೀ. ಹಂತದಲ್ಲಿ ಆಸ್ಕರ್ ಪೆರೇರೊರನ್ನು ಹಿಂದಿಕ್ಕಿ ಗೆದ್ದರು. ಮುಖ್ಯ ಗುಂಪು ಸುಮಾರು ಅರ್ಧ ಗಂಟೆ ತಡವಾಗಿ ಬಂತು. ಪೆರೇರೊಗೆ ಹಳದಿ ಜೆರ್ಸಿ ದಕ್ಕಿತು. ಮೊದಲಿಗರಾಗಿ ಮುಗಿಸಿದ್ದ ಫ್ಲಾಯ್ಡ್ ಲ್ಯಾಂಡಿಸ್ ಉದ್ದೀಪನ ಮದ್ದಿನಿಂದ ಅನರ್ಹರಾದ ಮೇಲೆ ಆ ವರ್ಷದ ಟೂರ್ ಕಿರೀಟವೂ ಪೆರೇರೊ ಪಾಲಾಯಿತು. ಫೋಯ್ಟ್ ಎಳೆದು ತಂದ ಆ ಅರ್ಧ ಗಂಟೆ ಇಲ್ಲದಿದ್ದರೆ ಇತಿಹಾಸದ ಆ ಸಾಲು ಬೇರೆಯೇ ಇರುತ್ತಿತ್ತು.

ಅಷ್ಟರಲ್ಲಿ ಜರ್ಮನಿಯಲ್ಲಿ ಈ ಕ್ರೀಡೆಯ ಮಾನವೇ ಕುಸಿದಿತ್ತು. ಉದ್ದೀಪನ ಹಗರಣದಿಂದ ಬೇಸತ್ತ ಎಆರ್‌ಡಿ, ಝಡ್‌ಡಿಎಫ್ ವಾಹಿನಿಗಳು 2007ರಲ್ಲಿ ಟೂರ್ ನಡೆಯುತ್ತಿರುವಾಗಲೇ ಪ್ರಸಾರ ನಿಲ್ಲಿಸಿದವು. ಫೋಯ್ಟ್ ಖ್ಯಾತಿ ತವರಿಗಿಂತ ಇಂಗ್ಲಿಷ್ ಬಲ್ಲವರ ನಡುವೆ ಹೆಚ್ಚು ಬೆಳೆದದ್ದಕ್ಕೆ ಇದೂ ಕಾರಣವಿರಬೇಕು. ನೋಯುವ ಕಾಲುಗಳನ್ನು ಗದರಿಸುವ ‘ಶಟಪ್, ಲೆಗ್ಸ್’ ಎಂಬ ಅವರ ಮಾತು ಟಿ-ಶರ್ಟ್‌ಗಳ ಮೇಲೇರಿತು. 2009ರ ಟೂರ್‌ನಲ್ಲಿ ಇಳಿಜಾರಿನಲ್ಲಿ ಬಿದ್ದು ಕೆನ್ನೆಮೂಳೆ ಮುರಿದುಕೊಂಡಿದ್ದವರು, ಮರುವರ್ಷ ಪೆರ್‌ಸೂರ್ಡ್ ಇಳಿಜಾರಿನಲ್ಲಿ ಮತ್ತೆ ಬಿದ್ದರು. ಸೈಕಲ್ ಮುರಿದಿತ್ತು, ತಂಡದ ಕಾರು ಮುಂದೆ ಹೋಗಿತ್ತು. ರಕ್ತ ಸೋರುತ್ತಿದ್ದಂತೆಯೇ ಎಳೆಯರ ಅಳತೆಯ ಹಳದಿ ಸೈಕಲ್ಲೊಂದನ್ನು ಎರವಲು ಪಡೆದು ತುಳಿದರು, ಆ ಸಲ ಪ್ಯಾರಿಸ್ ತಲುಪಿಯೇ ಬಿಟ್ಟರು.

ನಿವೃತ್ತಿಯನ್ನೂ ಅವರು ಸುಮ್ಮನೆ ಪಡೆಯಲಿಲ್ಲ. ಒಂದು ಗಂಟೆಯಲ್ಲಿ ಕ್ರಮಿಸುವ ದೂರದ ವಿಶ್ವದಾಖಲೆಗೆ ಆಧುನಿಕ ಟ್ರ್ಯಾಕ್ ಸೈಕಲ್ ಬಳಸಲು 2014ರಲ್ಲಿ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಅನುಮತಿ ಕೊಟ್ಟಿತು. 43 ತುಂಬಿದ ಮರುದಿನ, ಸೆಪ್ಟೆಂಬರ್ 18ರಂದು, ಸ್ವಿಟ್ಜರ್ಲೆಂಡ್‌ನ ಗ್ರೆಂಚೆನ್‌ನಲ್ಲಿ ಫೋಯ್ಟ್ 51.110 ಕಿ.ಮೀ. ಕ್ರಮಿಸಿ ದಾಖಲೆ ಬರೆದರು. 42 ದಿನಗಳಲ್ಲಿ ಆಸ್ಟ್ರಿಯಾದ ಮಥಿಯಾಸ್ ಬ್ರೆಂಡ್ಲೆ ಅದನ್ನು ಮುರಿದರು. ಆಮೇಲೆ ರೋಹನ್ ಡೆನಿಸ್, ಅಲೆಕ್ಸ್ ಡೌಸೆಟ್ ಸಾಲಾಗಿ ಬಂದರು. 2015ರ ಜೂನ್‌ನಲ್ಲಿ ಬ್ರಾಡ್ಲಿ ವಿಗಿನ್ಸ್ ದಾಖಲೆಯನ್ನು 54.526 ಕಿ.ಮೀ.ಗೆ ಒಯ್ದರು.