ಹಿತ್ತಲ ಕೋಳಿಯ ಗರಿಬಣ್ಣ ಮತ್ತು ಕುಲನಿರ್ಣಯ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಿಗೆ ಒಂದೇ ಬಗೆಯ ಆಡಳಿತ ಚರಿತ್ರೆಯಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ರಚಿತವಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟುದು ತೀರ ಈಚೆಗೆ. ಆದರೆ ಅಡಿಕೆ ತೋಟಗಳ ಚನ್ನಗಿರಿಯಲ್ಲಾಗಲಿ ಒಣ ಬಯಲಿನ ಜಗಳೂರಿನಲ್ಲಾಗಲಿ ಹಿತ್ತಲ ಕೋಳಿಗಳು ಕೆಂಪು, ಕಪ್ಪು, ಬಿಳಿ, ಬೂದು, ಪಟ್ಟೆ ಎಂದು ನಾನಾ ವರ್ಣದವು. ಬಣ್ಣದ ಗರಿ ಕಂಡೊಡನೆ 'ನಾಟಿ' ಎಂದು ಹೆಚ್ಚಿನ ಬೆಲೆ ಕಟ್ಟುವವರೂ ಉಂಟು. ಗರಿಯ ಬಣ್ಣವು ಕುಲಕ್ಕೆ ಸಾಕ್ಷಿಯಾಗಬಲ್ಲುದೇ ಎಂಬುದೇ ನಮ್ಮ ಪ್ರಕೃತ ವಿಚಾರ.

ಬಣ್ಣದಿಂದ ಗುಣವನ್ನು ಅಳೆಯುವ ಪದ್ಧತಿ ಪ್ರಾಚೀನವಾದುದು. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಕುಕ್ಕುಟಲಕ್ಷಣಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ತಾಮ್ರವರ್ಣದ ಮುಖ ಮತ್ತು ಜುಟ್ಟುಗಳುಳ್ಳ ಬಿಳಿಯ ಹುಂಜವನ್ನು ಶ್ಲಾಘಿಸಿದ್ದಾನೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಕೋಳಿ ಅಂಕವನ್ನು ರಾಜವಿನೋದಗಳ ಸಾಲಿಗೆ ಸೇರಿಸಿದನು. ಇವೆರಡರಲ್ಲಿಯೂ ಕಾಣುವುದು ಹಕ್ಕಿಯ ಹೊರರೂಪವನ್ನು ಪರೀಕ್ಷಿಸಿದ ಕಣ್ಣು. ಆ ರೂಪ ಮರಿಗೆ ಹೇಗೆ ಸಾಗುವುದೆಂಬ ಪ್ರಶ್ನೆಗೆ ಉತ್ತರ ದೊರೆಯಲು ಬಹುಕಾಲ ಹಿಡಿಯಿತು.

1868ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಡಾರ್ವಿನ್ ಒಂದು ಪ್ರಯೋಗವನ್ನು ವಿವರಿಸಿದನು. ಕರಿಯ ಸ್ಪ್ಯಾನಿಷ್ ಹುಂಜವನ್ನು ಬಿಳಿಯ ಸಿಲ್ಕಿ ಹೇಂಟೆಯೊಡನೆ ಕೂಡಿಸಿದಾಗ ಹುಟ್ಟಿದ ಹುಂಜವೊಂದರಲ್ಲಿ ಕೆಂಪು ಕಾಡುಕೋಳಿಯ ವರ್ಣ ಮರಳಿ ತೋರಿತು. ಮೆಂಡೆಲನ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುವುವೆಂದು 20ನೆಯ ಶತಮಾನದ ಆರಂಭದಲ್ಲಿ ಬೇಟ್ಸನ್ ತೋರಿಸಿದುದೂ ಕೋಳಿಗಳ ಮೂಲಕವೇ. ಆಂಡಲೂಸಿಯನ್ ತಳಿಯ ನೀಲಿಬೂದು ಹುಂಜಕ್ಕೂ ಅದೇ ಬಣ್ಣದ ಹೇಂಟೆಗೂ ಹುಟ್ಟುವ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೆ ಒಂದು ಕಪ್ಪು, ಎರಡು ಬೂದು, ಒಂದು ಚುಕ್ಕೆಯ ಬಿಳಿ. ಎಷ್ಟು ತಲೆಮಾರು ಆರಿಸಿದರೂ ಆ ಬೂದುಬಣ್ಣ ಶುದ್ಧವಾಗಿ ನೆಲೆಗೊಳ್ಳದು.

ಬಿಳುಪಿನ ವಿಷಯವಂತೂ ಇನ್ನೂ ಸೂಕ್ಷ್ಮವಾದುದು. ಲೆಗಾರ್ನಿನ ಬಿಳುಪು ಪ್ರಬಲ ಗುಣ. ತಾಯಿತಂದೆಗಳಲ್ಲಿ ಒಂದರಿಂದ ಬಂದರೂ ಅದು ಇತರ ಬಣ್ಣಗಳನ್ನು ಮರೆಮಾಡುತ್ತದೆ. ಬೇರೆ ಕೆಲವು ತಳಿಗಳ ಬಿಳುಪು ಅಪ್ರಬಲ. ಇಬ್ಬರಿಂದಲೂ ಬಂದರೆ ಮಾತ್ರ ಪ್ರಕಟವಾಗುತ್ತದೆ. ಎರಡು ಬಿಳಿಯ ಕೋಳಿಗಳು ಕಣ್ಣಿಗೆ ಒಂದೇ ಆಗಿದ್ದರೂ ವಂಶದಲ್ಲಿ ಬೇರೆ ಬೇರೆಯಾಗಿರಬಹುದು. ಪಟ್ಟೆಯ ಗುಣವು ಲಿಂಗವನ್ನು ಅನುಸರಿಸಿ ಸಾಗುತ್ತದೆ. ಪಟ್ಟೆಯ ಹೇಂಟೆಗೆ ಪಟ್ಟೆಯಿಲ್ಲದ ಕರಿಯ ಹುಂಜವನ್ನು ಕೂಡಿಸಿದರೆ ಪಟ್ಟೆಯು ಗಂಡುಮರಿಗಳಿಗೆ ಮಾತ್ರ ಬರುತ್ತದೆ. ಹೆಣ್ಣುಮರಿಗಳು ಈ ಗುಣದಲ್ಲಿ ತಂದೆಯನ್ನೇ ಹೋಲುತ್ತವೆ. ತಾಯಿಯ ಆ ವರ್ಣತಂತು ಮಗಳಿಗೆ ದೊರೆಯದಿರುವುದೇ ಇದಕ್ಕೆ ಕಾರಣ.

ಸಮೀಪದ ಚರಿತ್ರೆಯನ್ನೂ ಗಮನಿಸಬೇಕು. 1980ರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಿತ್ತಲ ಸಾಕಣೆಗೆಂದು 'ಗಿರಿರಾಜ'ವನ್ನು ರೂಪಿಸಿತು. ಅನಂತರ 'ಸ್ವರ್ಣಧಾರಾ' ಬಂದಿತು. ಗಿರಿರಾಜವು ನಾಟಿಕೋಳಿಯಂತೆ ಬಹುವರ್ಣದ್ದು. ಇಂತಹ ಹುಂಜ ಊರ ಹೇಂಟೆಗಳೊಡನೆ ಕೂಡಿದ ಮೇಲೆ ಹುಟ್ಟಿದ ಕೆಂಪು ಮರಿಯ ಮೂಲವನ್ನು ಅದರ ಕೆಂಪು ಹೇಳಲಾರದು.

ಹಾಗೆಂದು ದೇಹದಲ್ಲಿ ಚರಿತ್ರೆಯೇ ಇಲ್ಲವೆನ್ನುವಂತಿಲ್ಲ. ಸಾಕುಕೋಳಿಯ ಮುಖ್ಯ ಮೂಲ ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿಯಾದರೂ, ಹಳದಿ ಕಾಲಿನ ಗುಣವು ಬೂದು ಕಾಡುಕೋಳಿಯಿಂದ ಸೇರಿತೆಂದು 2008ರ ಸಂಶೋಧನೆ ತೋರಿಸಿದೆ. ಈ ಹಕ್ಕಿ ನಮ್ಮ ಪಶ್ಚಿಮ ಘಟ್ಟಗಳ ನಿವಾಸಿ. ಪರದೇಶದ್ದೆಂದು ನಾವೆಣಿಸುವ ಲೆಗಾರ್ನಿನ ಹಳದಿ ಕಾಲಿನಲ್ಲಿ ಭಾರತದ ಕಾಡಿನ ಅಂಶವಿದೆ. ಅಪ್ಪಟ ನಾಟಿಯೆಂದು ಕೊಂಡ ಕೆಂಪು ಹುಂಜದಲ್ಲಿ ಹೆಬ್ಬಾಳದ ಅಂಶವಿರಬಹುದು.

ಆದುದರಿಂದ ಬಣ್ಣವು ವಂಶದ ಪ್ರಮಾಣಪತ್ರವಲ್ಲ. ಒಂದು ಶಾಸನವನ್ನು ಲಿಪಿಯ ಅಂದದಿಂದಲೇ ಪ್ರಾಚೀನವೆಂದು ಒಪ್ಪದ ನಾವು, ಒಂದು ಕೋಳಿಯನ್ನು ಗರಿಯ ಅಂದದಿಂದಲೇ ನಾಟಿಯೆಂದು ಒಪ್ಪಬಾರದು. ಈ ನಾಲ್ಕು ತಾಲ್ಲೂಕುಗಳ ನಾಟಿ ತಳಿ ಉಳಿಯಬೇಕಾದರೆ ಯಾವ ಹುಂಜ ಯಾವ ಹೇಂಟೆಯೊಡನೆ ಕೂಡಿತು, ಮರಿಗಳು ಯಾವ ಬಣ್ಣ ತಳೆದುವು, ಹೇಂಟೆ ಕಾವಿಗೆ ಕೂತಿತೇ ಎಂಬುದನ್ನು ಮನೆಮನೆಯಲ್ಲಿ ಬರೆದಿಡಬೇಕು. ಊರಿಗೆ ಮರಳುವ ನಮ್ಮ ವಿದ್ಯಾರ್ಥಿಗಳಿಗೆ ಇದು ಅಸಾಧ್ಯವಾದ ಕಾರ್ಯವೇನೂ ಅಲ್ಲ.