ಲೀಟರಿಗೆ ಎಷ್ಟ್ ಕೊಡತೈತಿ?

ಯಾವ ಬೈಕ್ ಒಳ್ಳೇದು ಅನ್ನೋ ವಾದ ಆಫೀಸಿನ ಕ್ಯಾಂಟೀನಿನಲ್ಲಿ ಶುರುವಾದರೆ ಮುಗಿಯೋದೇ ಇಲ್ಲ. ಒಬ್ಬರಿಗೆ ಇಂಜಿನ್ನಿನ ಸ್ವಭಾವ ಮುಖ್ಯ, ಇನ್ನೊಬ್ಬರಿಗೆ ತಿರುವಿನಲ್ಲಿ ಗಾಡಿ ಹೇಗೆ ನಿಲ್ಲುತ್ತೆ ಅನ್ನೋದು, ಮೂರನೆಯವರಿಗೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಬೆನ್ನು ನೋಯದಿದ್ದರೆ ಸಾಕು. ಈ ಮೂರು ಅಳತೆಗಳಲ್ಲಿ ಯಾವ ಕಾಲಕ್ಕೆ ಯಾವುದು ಗೆದ್ದಿತು ಅಂತ ಹುಡುಕಿದರೆ ಒಂದು ಒಳ್ಳೆ ಇತಿಹಾಸ ಸಿಗುತ್ತೆ. ಅದನ್ನ ರಿಂಗ್ ರೋಡಿನಿಂದ ನೋಡೋದು ಬೇಡ, ಗದಗಿನ ಹತ್ತಿರದ ಕಣಗಿನಹಾಳದಿಂದ ನೋಡೋಣ.

ಕಣಗಿನಹಾಳ ಯಾಕೆ? ಎರಡು ಕಾರಣ. ಒಂದು, ಅಲ್ಲಿನ ನೆಲ. ಗದಗ ಸೀಮೆಯ ಎರಿ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಾಗುತ್ತೆ, ಒಂದು ಮಳೆ ಬಿದ್ದರೆ ಅಂಟಿನಂತಾಗುತ್ತೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಆ ಮಣ್ಣು ತುಂಬಿಕೊಂಡರೆ ಚಕ್ರ ತಿರುಗೋದೇ ನಿಲ್ಲುತ್ತೆ. ಕೆಳಗಿಳಿದು ಕಡ್ಡಿಯಿಂದ ಕೆರೆದು ತೆಗೀಬೇಕು. ಬೈಕಿನ ಹ್ಯಾಂಡ್ಲಿಂಗ್ ಪರೀಕ್ಷೆಗೆ ಇದಕ್ಕಿಂತ ಕಠಿಣ ಜಾಗ ಬೇಕಿಲ್ಲ.

ಎರಡನೆಯದು, ಸಾಲ. 1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದಿತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಕಥೆ ಹೇಳುವವರು ಇವತ್ತಿಗೂ ಈ ಊರಿನ ಹೆಸರು ಬಿಡೋ ಹಾಗಿಲ್ಲ. ಆ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಅನಿಯಮಿತ ಹೊಣೆಗಾರಿಕೆ ಇತ್ತು. ಅಂದರೆ ಒಬ್ಬ ಸಾಲ ತೀರಿಸದಿದ್ದರೆ ಉಳಿದವರು ಹೊಣೆ. ಹಾಗಾದಾಗ ನೆರೆಯವರು ಕೇಳದೇ ಇರ್ತಾರಾ: ಈ ರೊಕ್ಕ ಯಾತಕ್ಕ? ಇದರಿಂದ ಏನ್ ಬರತೈತಿ? ಆಗಿನ ಸಾಲ ಬೀಜಕ್ಕೆ, ಎತ್ತಿಗೆ. ಬೈಕಿನ ಮಾತೇ ಇರಲಿಲ್ಲ. ಆದರೆ ಆ ಪ್ರಶ್ನೆಯನ್ನ ನೆನಪಿಟ್ಟುಕೊಳ್ಳಿ. ಎಂಬತ್ತು ವರ್ಷದ ನಂತರ ಕರ್ನಾಟಕದ ಒಂದು ಬೈಕ್ ಕಾರ್ಖಾನೆಯ ಹಣೆಬರಹ ತೀರ್ಮಾನ ಆಗಿದ್ದು ಇಂಥದ್ದೇ ಪ್ರಶ್ನೆಯಿಂದ.

ಆ ಕಾರ್ಖಾನೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ. ರುಸ್ತುಂ ಮತ್ತು ಫರೂಕ್ ಇರಾನಿ ಅವರು ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಜೊತೆ ಕೈಜೋಡಿಸಿ ಶುರು ಮಾಡಿದ್ದು. 1961ರಿಂದ ಅಲ್ಲಿ ಗಾಡಿ ತಯಾರಾಗತೊಡಗಿತು. ಮೊದಲು ಜಾವಾ 250, 1973ರಿಂದ ಯೆಜ್ಡಿ ಅನ್ನೋ ಹೆಸರು, 1978ಕ್ಕೆ ರೋಡ್‌ಕಿಂಗ್.

ಜಾವಾ ಇಂಜಿನ್ ಟೂ ಸ್ಟ್ರೋಕ್. ಕ್ರ್ಯಾಂಕ್ ಸುತ್ತುವ ಪ್ರತಿ ಸುತ್ತಿಗೂ ಒಂದು ಸಲ ಉರಿಯುತ್ತೆ, ವಾಲ್ವಿನ ರಗಳೆ ಇಲ್ಲ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕೆಳಗಿನ ವೇಗದಲ್ಲೇ ಎಳೆಯೋ ಶಕ್ತಿ ಇರೋದರಿಂದ ಹಿಂದೆ ಚೀಲ ಕಟ್ಟಿಕೊಂಡು ಕೆಟ್ಟ ದಾರಿಯಲ್ಲಿ ಹೋಗೋರಿಗೆ ಒಗ್ಗುವ ಗಾಡಿ. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರ್ ಲಿವರ್! ಗೇರ್ ಒತ್ತಿದಾಗ ಕ್ಲಚ್ ತಾನೇ ಬಿಡೋ ವ್ಯವಸ್ಥೆಯೂ ಇತ್ತು. ತೊಂದರೆ ಅಂದರೆ ಪೆಟ್ರೋಲಿಗೆ ಎಣ್ಣೆ ಬೆರೆಸಲೇಬೇಕು, ಹೊಗೆ ಬರುತ್ತೆ, ಮತ್ತೆ ಕುಡಿಯೋದೂ ಜಾಸ್ತಿ.

ಅದರ ಎದುರಿಗೆ ಮದ್ರಾಸಿನ ಬುಲೆಟ್. ಇದು ಫೋರ್ ಸ್ಟ್ರೋಕ್, 346 ಸಿಸಿ. ಸಿಲಿಂಡರಿನ ಅಗಲ 70 ಮಿ.ಮೀ., ಪಿಸ್ಟನ್ನಿನ ಓಟ 90 ಮಿ.ಮೀ. ಓಟ ಉದ್ದ ಇರೋದರಿಂದಲೇ ಆ ನಿಧಾನದ ಗುಡುಗುಡು. ಸ್ಟಾರ್ಟ್ ಮಾಡೋದೇ ಒಂದು ವಿದ್ಯೆ: ಆಮ್‌ಮೀಟರಿನ ಮುಳ್ಳು ನೋಡಿಕೊಂಡು, ಡಿಕಂಪ್ರೆಷನ್ ಲಿವರ್ ಒತ್ತಿ ಪಿಸ್ಟನ್ ದಾಟಿಸಿ, ಆಮೇಲೆ ಕಿಕ್. ಗದಗ–ಹುಬ್ಬಳ್ಳಿಯಂಥ ನೇರ ರಸ್ತೆಯಲ್ಲಿ ಅದರ ಭಾರವೇ ಅದಕ್ಕೆ ಸ್ಥಿರತೆ. ಎರಿ ಹೊಲದ ಕೆಸರಿನಲ್ಲಿ ಅದೇ ಭಾರ ಶತ್ರು. ಜಾರಿ ಬಿದ್ದರೆ ಒಬ್ಬರೇ ಎತ್ತೋದು ಕಷ್ಟ. ಇವೆರಡರ ನಡುವೆ 173 ಸಿಸಿಯ ರಾಜದೂತ್: ನಾಜೂಕಿಲ್ಲ, ವೇಗವಿಲ್ಲ, ಆದರೆ ಹಾಲಿನ ಕ್ಯಾನು ಹೇರಿದರೂ ಗೊಣಗದ ಗಾಡಿ.

1980ರ ದಶಕದ ಮೊದಲವರೆಗೆ ಇಷ್ಟೇ ಆಯ್ಕೆ. ಲೈಸೆನ್ಸ್ ರಾಜ್‌ನಲ್ಲಿ ಎಷ್ಟು ಗಾಡಿ ತಯಾರಿಸಬೇಕು ಅನ್ನೋದಕ್ಕೂ ಸರ್ಕಾರದ ಅಪ್ಪಣೆ ಬೇಕಿತ್ತು. ಹಾಗಾಗಿ ‘ಯಾವುದು ಒಳ್ಳೇದು’ ಅನ್ನೋದಕ್ಕಿಂತ ‘ಯಾವುದು ಸಿಗುತ್ತೆ’ ಅನ್ನೋದೇ ಪ್ರಶ್ನೆ.

ನಿಯಮ ಸಡಿಲಾಗಿ ಜಪಾನಿನ ಕಂಪನಿಗಳು ಬಂದಾಗ ಎಲ್ಲ ಬದಲಾಯಿತು. 1985ರಲ್ಲಿ ಎರಡು ನೂರು ಸಿಸಿ ಗಾಡಿಗಳು ಬಂದವು, ಸ್ವಭಾವದಲ್ಲಿ ಉತ್ತರ–ದಕ್ಷಿಣ. ಯಮಹಾ ಆರ್‌ಎಕ್ಸ್ 100 ಟೂ ಸ್ಟ್ರೋಕ್: 98 ಸಿಸಿ, 11 ಹಾರ್ಸ್‌ಪವರ್, ಸುಮಾರು ನೂರು ಕೆಜಿ. ಹುಡುಗರು ಅದರ ಪಿಕಪ್‌ಗೆ ಮರುಳಾದರು, ಇನ್ನೂ ಆಗಿದ್ದಾರೆ. ಹೀರೋ ಹೋಂಡಾ ಸಿಡಿ 100 ಫೋರ್ ಸ್ಟ್ರೋಕ್. ಅದರ ಇಂಜಿನ್ನಿನ ಸ್ವಭಾವದ ಬಗ್ಗೆ ಯಾರೂ ಕವಿತೆ ಬರೀಲಿಲ್ಲ. ಆದರೆ ಎಣ್ಣೆ ಬೆರೆಸೋ ಕೆಲಸ ಇಲ್ಲ, ಹಗುರ, ಹೆಂಡತಿ ಮಗು ಇಬ್ಬರೂ ಕೂರೋ ಉದ್ದ ಸೀಟು, ಬೆಳಿಗ್ಗೆ ಒಂದೇ ಕಿಕ್. ಟ್ಯಾಂಕ್ ತುಂಬಿಸಿ ಮರೆತುಬಿಡಿ ಅನ್ನೋದೇ ಅದರ ಜಾಹೀರಾತು. ಅಲ್ಲಿಂದ ಊರೂರಿನ ಕಟ್ಟೆ ಮೇಲೆ ಹೊಸ ಗಾಡಿಗೆ ಮೊದಲ ಪ್ರಶ್ನೆ ಒಂದೇ ಆಯಿತು: “ಲೀಟರಿಗೆ ಎಷ್ಟ್ ಕೊಡತೈತಿ?”

ಆ ಪ್ರಶ್ನೆಗೆ ಯೆಜ್ಡಿ ಹತ್ತಿರ ಉತ್ತರ ಇರಲಿಲ್ಲ. 1990ರ ದಶಕದಲ್ಲಿ ಹೊಗೆಯ ನಿಯಮಗಳೂ ಬಿಗಿಯಾದವು, ಟೂ ಸ್ಟ್ರೋಕಿಗೆ ಅದು ಇನ್ನೊಂದು ಪೆಟ್ಟು. 1996ರಲ್ಲಿ ಮೈಸೂರಿನ ಕಾರ್ಖಾನೆ ನಿಂತುಹೋಯಿತು. ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ವರ್ಷ. ಆದರೆ ಯಮಹಾ ಬೇರೆ ಮಾಡೆಲ್ ತಂದು ಮುಂದುವರಿಯಿತು, ಮೈಸೂರಿನ ಕಾರ್ಮಿಕರಿಗೆ ಇನ್ನೊಂದು ಮಾಡೆಲ್ ಇರಲಿಲ್ಲ. ಮೂವತ್ತೈದು ವರ್ಷ ಒಂದು ಊರಿಗೆ ಅನ್ನ ಮತ್ತು ಹೆಮ್ಮೆ ಎರಡನ್ನೂ ಕೊಟ್ಟ ಗೇಟು ಮುಚ್ಚಿತು.

ಇದನ್ನ ‘ರುಚಿ ಇಲ್ಲದ ಜನ ಮೈಲೇಜಿಗೆ ಮಾರುಹೋದರು’ ಅಂತ ಹೇಳೋದು ಸುಲಭ. ಬೈಕ್ ಪ್ರೇಮಿಗಳು ಹಾಗೇ ಹೇಳ್ತಾರೆ ಕೂಡ. ನನಗೆ ಅದು ಒಪ್ಪಿಗೆ ಇಲ್ಲ. ಬೈಕೊಂದೇ ವಾಹನ ಆಗಿರೋ ಮನೆಯಲ್ಲಿ ಅದೇ ಶಾಲೆಗೆ, ಅದೇ ಆಸ್ಪತ್ರೆಗೆ, ಅದೇ ಗೊಬ್ಬರದ ಅಂಗಡಿಗೆ. ಉಳಿದ ಒಂದೊಂದು ಲೀಟರೂ ಸಂಸಾರದ ಲೆಕ್ಕಕ್ಕೆ ಜಮಾ. ಸಾಲ ತಂದವನನ್ನ 1905ರಲ್ಲಿ ನೆರೆಯವರು ಕೇಳಬಹುದಾಗಿದ್ದ ಪ್ರಶ್ನೆ ಪೆಟ್ರೋಲ್ ಬಂಕಿಗೆ ಬಂದಿತ್ತು, ಅಷ್ಟೇ. ತಪ್ಪು ಕೇಳಿದವರದಲ್ಲ. ಆ ಪ್ರಶ್ನೆ ಬರುತ್ತೆ ಅಂತ ಗೊತ್ತಿದ್ದೂ ಅದಕ್ಕೆ ತಕ್ಕ ಇಂಜಿನ್ ತರಲಾಗದ ವ್ಯವಸ್ಥೆಯದು.

2018ರಲ್ಲಿ ಜಾವಾ ಹೆಸರು ವಾಪಸ್ ಬಂತು. ಆಗ ಬಂದದ್ದು 293 ಸಿಸಿಯ ಫೋರ್ ಸ್ಟ್ರೋಕ್, ನೀರಿನಿಂದ ತಣಿಯೋ ಇಂಜಿನ್. ತಯಾರಾಗೋದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಎರಡು ಸೈಲೆನ್ಸರ್ ಮಾತ್ರ ಹಾಗೇ ಇವೆ. ನಾವು ಅದನ್ನ ಇಎಂಐ ಮೇಲೆ ತಗೊಂಡು, ಭಾನುವಾರ ನಂದಿ ಬೆಟ್ಟಕ್ಕೆ ಹೋಗಿ, ಇಂಜಿನ್ನಿನ ಸ್ವಭಾವದ ಬಗ್ಗೆ ಮಾತಾಡ್ತೀವಿ. ಮಾತಾಡೋಣ, ಅದರಲ್ಲಿ ತಪ್ಪಿಲ್ಲ. ಆದರೆ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಸವೆದ ನೂರು ಸಿಸಿ ಗಾಡಿಯ ಹಿಂದೆ ಒಂದು ಚೀಲವೋ ಒಂದು ಮಗುವೋ ಕಂಡರೆ, ಅದನ್ನ ಕೀಳಾಗಿ ನೋಡೋದು ಬೇಡ. ಬೈಕುಗಳ ಹೋಲಿಕೆಯಲ್ಲಿ ಅತಿ ಕಷ್ಟದ ಪರೀಕ್ಷೆ ಪಾಸಾದ ಗಾಡಿ ಅದು.