ಕಾಬಾಳೆ ಗೆಡ್ಡೆಯ ಚಳಿಗಾಲದ ನಿದ್ದೆ

ಮುಂಬಯಿಯ ಸೊಸೈಟಿ ಕಂಪೌಂಡಿನಲ್ಲಿ, ರೈಲ್ವೆ ಸ್ಟೇಷನ್ನಿನ ಹೂಪಾತಿಯಲ್ಲಿ, ಊರಿಗೆ ಹೋದರೆ ಬಚ್ಚಲ ನೀರು ಹರಿಯುವ ಹಿತ್ತಲಿನಲ್ಲಿ, ಎಲ್ಲಿ ನೋಡಿದರೂ ಸಿಗುವ ಹೂವು ಕ್ಯಾನಾ. ನಮಗೆ ಕಾಬಾಳೆ, ಮರಾಠಿಯವರಿಗೆ ಕರ್ದಳ. ಲಿನ್ನೇಯಸ್ 1753ರಲ್ಲಿ ಇಟ್ಟ ಹೆಸರು ಕ್ಯಾನಾ ಇಂಡಿಕಾ. ‘ಇಂಡಿಕಾ’ ಅಂದ ಮಾತ್ರಕ್ಕೆ ನಮ್ಮದು ಅಂತ ಬೀಗಬೇಡಿ! ಇದರ ತವರು ಅಮೆರಿಕ ಖಂಡದ ಬಿಸಿನಾಡುಗಳು. ಕೊಲಂಬಸ್ ಹಾದಿ ತಪ್ಪಿ ಸೇರಿದ ‘ಇಂಡೀಸ್’ ಅದು.

ಆಂಡೀಸ್ ಸೀಮೆಯ ಜನ ಇದನ್ನು ‘ಅಚೀರಾ’ ಅಂತ ಕರೆದು ಗೆಡ್ಡೆ ಬೇಯಿಸಿ ತಿನ್ನುತ್ತಿದ್ದರು, ಈಗಲೂ ತಿನ್ನುತ್ತಾರೆ. ಬೀಜವೋ ಕಲ್ಲಿನಷ್ಟು ಗಟ್ಟಿ. ಅರ್ಜೆಂಟೀನಾದ ಹಳೆಯ ಗೋರಿಯೊಂದರಲ್ಲಿ ಸಿಕ್ಕ, ಸುಮಾರು 550 ವರ್ಷ ಹಿಂದಿನ ಬೀಜ ಮೊಳಕೆಯೊಡೆದ ಸುದ್ದಿ 1968ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದಿತ್ತು.

ಇಂಥ ಗಟ್ಟಿಗನಿಗೂ ಯುರೋಪಿನ ಚಳಿ ತಡೆಯಲಿಲ್ಲ. ಇಂಗ್ಲೆಂಡಿನ ಜಾನ್ ಜೆರಾರ್ಡ್ 1597ರ ತನ್ನ ಸಸ್ಯಗ್ರಂಥದಲ್ಲಿ, ಹಲವು ಸಲ ನೆಟ್ಟರೂ ಇದು ಹೂ ಬಿಡಲೇ ಇಲ್ಲ, ನಮ್ಮ ಥಂಡಿ ಇದಕ್ಕೆ ಆಗದು ಅಂತ ಪೇಚಾಡಿಕೊಂಡಿದ್ದಾನೆ. ಅಲ್ಲಿನ ತೋಟದವರು ಕಂಡುಕೊಂಡ ಉಪಾಯ ಸರಳ. ಮೊದಲ ಹಿಮಕ್ಕೆ ಎಲೆ ಕಪ್ಪಾದೊಡನೆ ಕಾಂಡ ಕತ್ತರಿಸಿ, ಗೆಡ್ಡೆ ಅಗೆದು, ಒಣ ಮರಳಿನಲ್ಲೋ ಮರದ ಪುಡಿಯಲ್ಲೋ ಹುದುಗಿಸಿ ನೆಲಮಾಳಿಗೆಯಲ್ಲಿಡುವುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸೇಫ್ ಡಿಪಾಸಿಟ್ ಲಾಕರ್! ಹಿಮ ಕಳೆದ ಮೇಲೆ ತೆಗೆದು ಮತ್ತೆ ನೆಡುವುದು.

ದಕ್ಷಿಣ ಅಮೆರಿಕದಲ್ಲಿ ರಾಯಭಾರ ಕೆಲಸ ಮಾಡಿ ಪ್ಯಾರಿಸ್ಸಿಗೆ ಮರಳಿದ ಥಿಯೊಡೋರ್ ಅನ್ನೇ 1840ರ ದಶಕದಲ್ಲಿ ಮಿಶ್ರತಳಿ ಮಾಡತೊಡಗಿದ. ಆಗ ಇದಕ್ಕೆ ಬೆಲೆಯಿದ್ದದ್ದು ಅಗಲ ಎಲೆಯ ಅಂದಕ್ಕೆ. ಮುಂದೆ ಲಿಯೋನ್ ನಗರದ ಕ್ರೋಝಿ ಗಿಡ್ಡ ಗಿಡ, ದೊಡ್ಡ ಹೂವಿನ ತಳಿಗಳನ್ನು ತಂದ. ಇವತ್ತು ನಮ್ಮ ಪಾರ್ಕುಗಳಲ್ಲಿ ಕಾಣುವ ಕೆಂಪು, ಹಳದಿ ಕ್ಯಾನಾಗಳೆಲ್ಲ ಹೆಚ್ಚುಕಮ್ಮಿ ಆ ವಂಶದವು.

ಭಾರತದಲ್ಲಿ ಇದರ ದೊಡ್ಡ ಮನೆ ಕೋಲ್ಕತ್ತಾದ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿ. ಅದನ್ನು 1820ರಲ್ಲಿ ಸ್ಥಾಪಿಸಿದವರು ವಿಲಿಯಂ ಕೇರಿ. ಹೌದು, 1817ರಲ್ಲಿ ಕನ್ನಡ ವ್ಯಾಕರಣ ಪ್ರಕಟಿಸಿದ ಕೇರಿಯವರೇ! ಅಲ್ಲಿನ ಪರ್ಸಿ-ಲ್ಯಾಂಕಾಸ್ಟರ್ ಮನೆತನದವರು ಎಷ್ಟೋ ಹೊಸ ತಳಿಗಳನ್ನು ಬೆಳೆಸಿದರು.

ಈಗ ವಿಷಯಕ್ಕೆ ಬರೋಣ. ವಿದೇಶಿ ವಿಡಿಯೋ ನೋಡಿ ಡಿಸೆಂಬರಿನಲ್ಲಿ ಗೆಡ್ಡೆ ಕಿತ್ತು ಡಬ್ಬಿಯಲ್ಲಿಡುವ ಮಿತ್ರರು ನಮ್ಮಲ್ಲೂ ಇದ್ದಾರೆ. ಗೆಡ್ಡೆ ನಿದ್ರಿಸಲು ಬೇಕಾದದ್ದು ಸುಮಾರು 7ರಿಂದ 10 ಡಿಗ್ರಿ ತಂಪು. ಮುಂಬಯಿ ಕಂಡ ಅತಿ ಚಳಿಯ ರಾತ್ರಿ 1962ರ ಜನವರಿ 22, ಅವತ್ತು 7.4 ಡಿಗ್ರಿ. ಅಂದರೆ ನಮ್ಮೂರಿನ ದಾಖಲೆಯ ಚಳಿ ಅವರ ಲಾಕರಿನ ಸಾಧಾರಣ ಹವೆ! ಇಲ್ಲಿನ ಸೆಕೆಯಲ್ಲಿ ಕಿತ್ತಿಟ್ಟ ಗೆಡ್ಡೆ ಸುಕ್ಕುಗಟ್ಟುತ್ತದೆ, ಇಲ್ಲವೇ ಅಕಾಲದಲ್ಲಿ ಮೊಳೆಯುತ್ತದೆ. ಚೆನ್ನೈ, ಹೈದರಾಬಾದು, ಪುಣೆಯವರೂ ಸುಮ್ಮನೆ ನೆಲದಲ್ಲೇ ಬಿಡಿ. ದೆಹಲಿಯಲ್ಲಿ ಎಲೆ ಸುಟ್ಟೀತು, ಆದರೆ ನೆಲ ಹೆಪ್ಪುಗಟ್ಟುವುದಿಲ್ಲ. ಬುಡಕ್ಕೆ ತರಗೆಲೆ ಹೊದಿಸಿದರೆ ಸಾಕು.

ನಮ್ಮಲ್ಲಿ ಗೆಡ್ಡೆ ಅಗೆಯಬೇಕಾದ ಕಾರಣ ಚಳಿಯಲ್ಲ, ಇಕ್ಕಟ್ಟು. ಎರಡು ಮೂರು ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಬುಡ ಬಿಡಿಸಿ. ಶುಂಠಿಯಂತೆ ಇದೂ ನೆಲದೊಳಗಿನ ಕಾಂಡವೇ. ಎರಡು ಮೂರು ಕಣ್ಣಿರುವ ತುಂಡುಗಳನ್ನು ಬಿಸಿಲಿರುವಲ್ಲಿ ಮೂರಿಂಚು ಆಳ, ಒಂದೂವರೆ ಅಡಿ ಅಂತರದಲ್ಲಿ ನೆಡಿ. ಹೂ ಮುಗಿದ ಕಾಂಡವನ್ನು ಬುಡಕ್ಕೆ ಕತ್ತರಿಸಿ.

ಹೆಡ್ಡಾಫೀಸಿನಿಂದ ಸರ್ಕ್ಯುಲರ್ ಬಂದರೆ, ಇದು ನಮ್ಮ ಶಾಖೆಗೆ ಅನ್ವಯವೋ ಅಂತ ಮೊದಲು ನೋಡುವುದು ನಾವು ಬ್ಯಾಂಕಿನವರ ಅಭ್ಯಾಸ. ನಾಲ್ಕು ಶತಮಾನದ ಹಿಂದೆ ಚಳಿನಾಡಿನವರು ಪಟ್ಟ ಪಾಡಿನಿಂದ ಹುಟ್ಟಿದ ನಿಯಮ ಅವರಿಗೆ ಸರಿ. ಬಿಸಿನಾಡಿನ ಗಿಡ ಬಿಸಿನಾಡಿಗೇ ಬಂದಿರುವಾಗ ಅದನ್ನು ಎಬ್ಬಿಸಿ ಮಲಗಿಸುವ ಉಸಾಬರಿ ನಮಗೇಕೆ, ಏನಂತೀರಿ?